ಮುತ್ತತ್ತಿ ಆಮೇಲೆ, ಮೊದಲು ಗೆಳೆಯನ ತೋಟ

ಮದ್ದೂರು ತಾಲ್ಲೂಕಿನ ಆತಗೂರಿಗೆ ಇತಿಹಾಸದಲ್ಲಿ ಹೆಸರು ತಂದುಕೊಟ್ಟದ್ದು ಒಂದು ನಾಯಿ. ಕ್ರಿ.ಶ. 949–50ರ ಆತಕೂರು ಶಾಸನ ಹೇಳುವ ಕತೆ ಅದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ಕಾಲ. ಕೃಷ್ಣನ ಪರವಾಗಿ ಕಾದಿದ ಗಂಗರ ಇಮ್ಮಡಿ ಬೂತುಗ ತನ್ನ ಬಂಟ ಮಣಲೇರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಅಂದ. ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಕಾಳಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು, ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟಲಿ ಎಂದೂ ಬರೆಸಿದರು. ನಾಯಿ ಹಂದಿಗಳು ಸೆಣಸುತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ.

ಗೆಳೆಯರ ದಂಡು ಕಟ್ಟಿಕೊಂಡು ಬೆಟ್ಟ ಕಾಡು ಅಂತ ಹೊರಡುವ ಚಟ ನಮ್ಮ ಸೀಮೆಗೆ ಹೊಸದಲ್ಲ ಅನ್ನುವುದಕ್ಕೆ ಇದಕ್ಕಿಂತ ಹಳೆಯ ದಾಖಲೆ ಯಾಕೆ ಬೇಕು. ಆದರೆ ಅದೇ ಮಣಲೇರ ಇವತ್ತು ಕಾಳಿಯನ್ನು ಹಿಡಿದುಕೊಂಡು ಹಲಗೂರು ದಾಟಿ ಕಾವೇರಿ ದಂಡೆಯ ಮುತ್ತತ್ತಿ ಕಾಡಿನ ಚೆಕ್‌ಪೋಸ್ಟಿಗೆ ಬಂದರೆ ಒಳಗೆ ಬಿಡುವುದಿಲ್ಲ. ಅದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ. ಮೊದಲು ಐನೂರು ಚದರ ಕಿಲೋಮೀಟರಿನ ಆಸುಪಾಸಿನಲ್ಲಿದ್ದದ್ದು ವಿಸ್ತರಣೆಯಾದ ಮೇಲೆ ಈಗ ಸಾವಿರ ಚದರ ಕಿಲೋಮೀಟರು ದಾಟಿದೆ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುತ್ತದೆ. ಅನುಮತಿ ಇಲ್ಲದೆ ಪ್ರವೇಶವಿಲ್ಲ, ಆಯುಧ ಒಯ್ಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ, ನಾಯಿಯನ್ನಂತೂ ಕೇಳಲೇಬೇಡಿ. ಸಂಜೆಯ ಮೇಲೆ ಹೊಳೆ ದಂಡೆಯಲ್ಲಿ ಉಳಿಯುವ ಮಾತೇ ಇಲ್ಲ. ಅಂದರೆ ನಮ್ಮ ಹುಡುಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರತಿ ವರ್ಷ ಡಿಸೆಂಬರ್ ಬಂತು ಅಂದರೆ ಹುಟ್ಟಿಕೊಳ್ಳುವ 'ಮುತ್ತತ್ತೀಲಿ ಟೆಂಟ್ ಹೊಡ್ಯಾಣ ಕಣ್ಲಾ' ಎನ್ನುವ ಯೋಜನೆ ಕಾನೂನಿನ ಪ್ರಕಾರ ಶುರುವಾಗುವ ಮೊದಲೇ ಮುಗಿದುಹೋಗಿರುತ್ತದೆ.

ಇದನ್ನು ಹೇಳಿದರೆ ಹುಡುಗರಿಗೆ ಬೇಜಾರು. 'ನಮ್ಮ ತಾತನ ಕಾಲ್ದಲ್ಲಿ ಬಂಡೆ ಮೇಲೆ ಅಡುಗೆ ಮಾಡ್ಕಂಡು ಅಲ್ಲೇ ಮಲಗಿ ಬರ್ತಿದ್ರು' ಅನ್ನುತ್ತಾರೆ. ನಿಜ. ಅಲ್ಲಿನ ಆಂಜನೇಯ ಮುತ್ತೆತ್ತರಾಯನಿಗೆ ಹರಕೆ ಹೊತ್ತವರು ಗಾಡಿ ಕಟ್ಟಿಕೊಂಡು ಹೋಗಿ ಹೊಳೆ ದಂಡೆಯಲ್ಲಿ ಬಿಡಾರ ಹೂಡಿ ಬರುತ್ತಿದ್ದರು. ರಾಜ್‌ಕುಮಾರ್ ಅವರಿಗೆ ಮುತ್ತುರಾಜ ಎಂಬ ಹುಟ್ಟುಹೆಸರು ಬಂದದ್ದೂ ಆ ಆಂಜನೇಯನಿಂದಲೇ. ಹಗಲು ಹೋಗಿ ದೇವರು ನೋಡಿ ಬರುವುದಕ್ಕೆ ಈಗಲೂ ಯಾರ ಅಡ್ಡಿಯೂ ಇಲ್ಲ. ಆದರೆ ಆಗ ಹೋಗುತ್ತಿದ್ದ ಗಾಡಿಗಳೆಷ್ಟು, ಈಗ ಭಾನುವಾರ ಹೋಗುವ ಕಾರುಗಳೆಷ್ಟು! ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾಯಿತಲ್ಲ, ಅಲ್ಲಿಂದೀಚೆಗೆ ರಾಜಧಾನಿಯವರಿಗೆ ನಮ್ಮ ಹೊಳೆ ಬೆಟ್ಟಗಳೆಲ್ಲ ಮನೆಯ ಹಿತ್ತಲಾಗಿವೆ. ಅದೇ ವರ್ಷದ ಆಗಸ್ಟ್ 1ರಿಂದ ಆ ರಸ್ತೆಯ ನಡು ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ ಎಂಬುದನ್ನು ಬೈಕಿನಲ್ಲಿ ಹೊರಡುವ ಗುಂಪು ಈಗಲೇ ನೆನಪಿಟ್ಟುಕೊಳ್ಳಲಿ. ಸರ್ವಿಸ್ ರಸ್ತೆಯೇ ಗತಿ. ಅದರ ಲೆಕ್ಕ ಹಾಕಿಯೇ ಹೊರಡುವ ಹೊತ್ತು ಗೊತ್ತುಮಾಡಬೇಕು.

ಕಾಡಿನ ಕಾನೂನಿಗಿಂತ ನನಗೆ ಹೆಚ್ಚು ಚಿಂತೆ ಹೊಳೆಯದು. ಮುತ್ತತ್ತಿಯಲ್ಲಿ ನೀರು ಪಾಲಾದವರ ಸುದ್ದಿ ಬಾರದ ವರ್ಷವೇ ಇಲ್ಲ ಎನ್ನಬಹುದು. ಹೋದವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ಗೆಳೆಯರ ಜೊತೆ ಬಂದವರು. ಈಜು ಬಾರದ್ದು ಒಂದು ಕಾರಣ. ಹೊಳೆಯ ಲೆಕ್ಕ ಗೊತ್ತಿಲ್ಲದ್ದು ಅದಕ್ಕಿಂತ ದೊಡ್ಡ ಕಾರಣ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಮಂಡ್ಯ ಕಡೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಜುಲೈನಲ್ಲಿ ಮೋಡ ಮುಸುಕಿರುತ್ತದೆ, ಹನಿ ಉದುರುತ್ತದೆ, ಅಷ್ಟೆ. ಆದರೆ ಕಾವೇರಿ ಉಕ್ಕುವುದು ಜುಲೈ, ಆಗಸ್ಟ್‌ನಲ್ಲಿ. ಏಕೆಂದರೆ ಮಳೆ ಬೀಳುತ್ತಿರುವುದು ಇಲ್ಲಲ್ಲ, ಕೊಡಗಿನಲ್ಲಿ. ಕೊಡಗಿನ ನೀರು ಕೆಆರ್‌ಎಸ್‌ಗೆ ಬಂದು ಅಲ್ಲಿಂದ ಹೊರಬೀಳುತ್ತದೆ. ವಯನಾಡಿನ ಮಳೆ ಕಬಿನಿ ಕಟ್ಟೆಗೆ ಬಂದು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಇವೆರಡೂ ಕೂಡಿ ಶಿವನಸಮುದ್ರದಲ್ಲಿ ಧುಮುಕಿ ಕೆಳಗೆ ಹರಿದರೆ, ಇತ್ತ ತುಮಕೂರು ಜಿಲ್ಲೆಯಲ್ಲಿ ಹುಟ್ಟಿ ನಮ್ಮ ಮದ್ದೂರನ್ನು ಹಾದು ಬರುವ ಶಿಂಷೆಯೂ ಮುಂದೆ ಅದಕ್ಕೇ ಬಂದು ಕೂಡಿಕೊಳ್ಳುತ್ತಾಳೆ. ಆಮೇಲೆ ಬರುವುದು ಮುತ್ತತ್ತಿ. ಹಾಗಾಗಿ ಮಳವಳ್ಳಿಯಲ್ಲಿ ಬಿಸಿಲು ಕಾಯುತ್ತಿದ್ದರೂ ಮುತ್ತತ್ತಿಯಲ್ಲಿ ಹೊಳೆ ಏರಬಹುದು. ಸಾಲದ್ದಕ್ಕೆ 1902ರಿಂದ ಕರೆಂಟು ಕೊಡುತ್ತಿರುವ ಶಿವನಸಮುದ್ರದ ವಿದ್ಯುದಾಗಾರ ಮೇಲ್ಗಡೆಯೇ ಇದೆ. ಅಲ್ಲಿಂದ ಹೊರಬೀಳುವ ನೀರು ಗಂಟೆಗೊಂದು ಬಗೆಯಾಗಿರಬಹುದು. ಬೇಸಿಗೆಯ ಬೆಳಿಗ್ಗೆ ಮೊಣಕಾಲುದ್ದ ನೀರಿನಲ್ಲಿ ದಾಟಿ ಹೋದ ಬಂಡೆಯಿಂದ ಮಧ್ಯಾಹ್ನ ವಾಪಸು ಬರಲಾಗದೆ ನಿಲ್ಲಬೇಕಾಗಿ ಬರುವುದು ಹೀಗೆ.

ಮಂಡ್ಯದವರಿಗೆ ಕೆಆರ್‌ಎಸ್ ಮಟ್ಟ ಬಾಯಿಪಾಠ. ಗರಿಷ್ಠ 124.80 ಅಡಿ ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಪ್ರವಾಸಕ್ಕೆ ಹೊರಟವರು ನೋಡಬೇಕಾದ್ದು ಆ ಅಂಕಿಯನ್ನಲ್ಲ, ಅದರ ಕೆಳಗೆ ಬರೆದಿರುವ ಹೊರಹರಿವನ್ನು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. ಹತ್ತು ಸಾವಿರ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ 2.8 ಲಕ್ಷ ಲೀಟರು. 2024ರ ಜುಲೈ ಕೊನೆಯಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತ್ತು. 2025ರಲ್ಲಿ ಜೂನ್ ತಿಂಗಳು ಮುಗಿಯುವಷ್ಟರಲ್ಲೇ ಕಟ್ಟೆ ತುಂಬಿ ಬಾಗಿನ ಬಿಟ್ಟದ್ದೂ ಆಯಿತು. ಜೂನ್‌ನಲ್ಲಿ ಹೊಳೆ ಸಣ್ಣಗಿರುತ್ತದೆ ಎಂಬ ಹಳೆಯ ನಂಬಿಕೆಯನ್ನೂ ಇನ್ನು ಬಿಡಬೇಕು.

ಇಷ್ಟೆಲ್ಲ ಬರೆದದ್ದು ಹೆದರಿಸುವುದಕ್ಕಲ್ಲ, ಜಾಗ ಬದಲಿಸುವುದಕ್ಕೆ. ಮೊದಲ ಸಲ ಟೆಂಟು ಹಾಕುವ ಗುಂಪಿಗೆ ಹೊಳೆಯೂ ಬೇಡ, ಕಾಡೂ ಬೇಡ. ಗುಂಪಿನಲ್ಲಿ ಯಾರಾದರೂ ಒಬ್ಬನಿಗೆ ತೋಟವಿದ್ದೇ ಇರುತ್ತದೆ, ಅಲ್ಲಿಗೆ ಹೋಗಿ. ಆತಗೂರು, ಕೊಪ್ಪ, ಕೆಸ್ತೂರು ಕಡೆಯ ಯಾವ ಹುಡುಗನಿಗೆ ತೆಂಗಿನ ತೋಟವಿರುವ ಚಿಕ್ಕಪ್ಪನೋ ಸೋದರಮಾವನೋ ಇಲ್ಲ? ಪಂಪ್‌ಸೆಟ್ ಮನೆ, ನೀರಿನ ತೊಟ್ಟಿ, ಒಂದು ಬಲ್ಬು, ಕೂಗಿದರೆ ಓಗೊಡುವಷ್ಟು ದೂರದಲ್ಲಿ ಒಂದು ಮನೆ. ಬೆಂಗಳೂರಿನವರು ದುಡ್ಡು ಕೊಟ್ಟು ಕನಕಪುರ ರಸ್ತೆಯಲ್ಲಿ ಹುಡುಕುವುದು ಇದನ್ನೇ. ಅಲ್ಲಿ ಬೋನಸ್ಸಾಗಿ ಡಿಜೆ ಇರುತ್ತದೆ, ನಿಮಗೆ ಅದಿಲ್ಲ ಅನ್ನುವುದೇ ನಿಮ್ಮ ಪುಣ್ಯ.

ಇದನ್ನು ನಾನು ಕಡಿಮೆ ದರ್ಜೆಯ ಬದಲಿ ವ್ಯವಸ್ಥೆ ಅಂತ ಹೇಳುತ್ತಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜನಾದವನು ಹೊರಗೆ ಹೋಗಿ ಹೇಗೆ ಸುಖಪಡಬೇಕು ಎಂಬುದಕ್ಕೇ ಒಂದು ಭಾಗ ಇಟ್ಟಿದ್ದಾನೆ. ಬೆಟ್ಟದ ವಿಹಾರ, ವನವಿಹಾರಗಳ ಜೊತೆಗೆ ಮರಳಿನ ಮೇಲಿನ ಆಟ, ಬೆಳದಿಂಗಳ ಆಟ, ಪೈರಿನ ನಡುವಿನ ಆಟವೂ ಅದರಲ್ಲಿವೆ. ಆನೆ ಕುದುರೆ ಇದ್ದ ರಾಜನೇ ಪೈರಿನ ಗದ್ದೆಗೆ ಹೋಗಿ ಕೂರುತ್ತಿದ್ದ ಅಂದಮೇಲೆ ನಮಗೇನು ಕಡಿಮೆ. ನಮ್ಮ ರೈತರಂತೂ ಸದಾ ಹೊರಗೇ ಮಲಗಿದವರು. ಹಂದಿ ಕಾಯಲು ಅಟ್ಟಣೆ ಕಟ್ಟಿ ಮಲಗಿದರು, ರಾತ್ರಿ ಬರುವ ತ್ರೀಫೇಸ್ ಕರೆಂಟಿಗಾಗಿ ಪಂಪ್‌ಸೆಟ್ ಪಕ್ಕ ಗೋಣಿಚೀಲ ಹಾಸಿ ಮಲಗಿದರು. ಹಾಗಾಗಿ ತೋಟದ ಯಜಮಾನರ ಹತ್ತಿರ ಅನುಮತಿ ಕೇಳಲು ಹೋದರೆ ಅವರ ಮೊದಲ ಪ್ರಶ್ನೆ, 'ಯಾಕ್ರಪ್ಪಾ, ಮನೇಲಿ ಮಲಗಕ್ಕೆ ಜಾಗ ಇಲ್ವಾ?' ಎಂದೇ ಇರುತ್ತದೆ. ನಗಬೇಡಿ, ಕೂತು ವಿವರಿಸಿ. ಎಷ್ಟು ಜನ, ಯಾವತ್ತು, ಬೆಂಕಿ ಎಲ್ಲಿ ಹಾಕುತ್ತೀರಿ ಎಂದು ಹೇಳಿ. ಅವರಿಗೆ ಒಪ್ಪಿಗೆಯಾದರೆ ಯಾವ ಸಾಲಿನ ಬದುವಿನಲ್ಲಿ ಹಾವಿನ ಓಡಾಟವಿದೆ, ಯಾವ ಮೂಲೆಯಲ್ಲಿ ನೆಲ ಒಣಗಿದೆ ಎಂಬುದನ್ನೆಲ್ಲ ಅವರೇ ಹೇಳುತ್ತಾರೆ. ಯಾವ ಮೊಬೈಲಿನಲ್ಲೂ ಸಿಗದ ಮಾಹಿತಿ ಅದು.

ಹೋಗುವುದಕ್ಕೆ ಹೊತ್ತು ಹಿಂಗಾರು ಮಳೆ ನಿಂತ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ. ಭತ್ತ ಕೊಯ್ದ ಗದ್ದೆ ಒಣಗಿ ಗಟ್ಟಿಯಾಗಿರುತ್ತದೆ, ಅವರೆಕಾಯಿ ಸೊಗಡು ಬಿಟ್ಟಿರುತ್ತದೆ. ಹುಣ್ಣಿಮೆಗೆ ಹೋದರೆ ಬೆಳದಿಂಗಳ ಊಟ, ಅಮಾವಾಸ್ಯೆಗೆ ಹೋದರೆ ನಕ್ಷತ್ರ. ನನ್ನನ್ನು ಕೇಳಿದರೆ ಮೊದಲ ಸಲ ಹುಣ್ಣಿಮೆಯೇ ಸರಿ, ಟಾರ್ಚು ಹುಡುಕುವ ತಾಪತ್ರಯ ಅರ್ಧ ಕಡಿಮೆ.

ಟೆಂಟು ಕೊಳ್ಳಲು ಓಡಬೇಡಿ. ಬಾಡಿಗೆಗೆ ಸಿಗುತ್ತದೆ, ಇಲ್ಲವೇ ಯಾರಾದರೂ ಬಳಗದವರ ಹತ್ತಿರ ಇರುತ್ತದೆ. ನಾಲ್ಕು ಜನಕ್ಕೆ ಎಂದು ಬರೆದಿರುವ ಟೆಂಟಿನಲ್ಲಿ ಚೀಲಗಳನ್ನೂ ಇಟ್ಟುಕೊಂಡು ಆರಾಮವಾಗಿ ಮಲಗಬಹುದಾದವರು ಮೂವರು ಮಾತ್ರ. ಹೊರಡುವ ಹಿಂದಿನ ದಿನವೇ ಮನೆ ಮುಂದೆ ಒಮ್ಮೆ ಬಿಚ್ಚಿ ಕಟ್ಟಿ ನೋಡಬೇಕು. ಕಡ್ಡಿ ಮುರಿದಿದ್ದು, ಗೂಟ ನಾಲ್ಕು ಕಡಿಮೆ ಇದ್ದದ್ದು ಕತ್ತಲಲ್ಲಿ ಗೊತ್ತಾಗಿ ಪ್ರಯೋಜನವಿಲ್ಲ. ಇನ್ನು ಜಾಗ. ತೋಟದಲ್ಲಿ ಟೆಂಟು ಹಾಕುವವರು ಮಾಡುವ ಮೊದಲ ಕೆಲಸ ನೆರಳು ಚೆನ್ನಾಗಿದೆ ಎಂದು ತೆಂಗಿನ ಮರದ ಬುಡಕ್ಕೆ ಹೋಗುವುದು. ರಾತ್ರಿ ಗಾಳಿಗೆ ಒಂದು ಒಣಗಿದ ಗರಿ ಕಳಚಿ ಬಿದ್ದರೆ ಟೆಂಟು ಹರಿಯುತ್ತದೆ, ಕಾಯಿ ಬಿದ್ದರೆ ತಲೆ ಒಡೆಯುತ್ತದೆ. ಸಾಲು ಬಿಟ್ಟು ಬಯಲಿಗೆ ಬನ್ನಿ. ಹುತ್ತವಿರುವ ಕಡೆ, ಇಲಿ ಬಿಲಗಳಿರುವ ಬದುವಿನ ಹತ್ತಿರ, ನೀರು ನಿಲ್ಲುವ ತಗ್ಗಿನಲ್ಲಿ ಬೇಡ. ಪಕ್ಕದ ಹಿಪ್ಪುನೇರಳೆಗೋ ತರಕಾರಿಗೋ ಎರಡು ದಿನದ ಹಿಂದೆ ಔಷಧಿ ಹೊಡೆದಿದ್ದಾರಾ ಎಂದೂ ಕೇಳಿಕೊಳ್ಳಿ. ಟೆಂಟಿನ ಕೆಳಗೆ ಟಾರ್ಪಾಲು ಹಾಸುವಾಗ ಅದರ ಅಂಚು ಟೆಂಟಿನಿಂದ ಆಚೆ ಚಾಚಿಕೊಂಡಿರಬಾರದು. ಚಾಚಿದರೆ ಇಬ್ಬನಿ ನೀರೆಲ್ಲ ಅದರ ಮೇಲೆ ಇಳಿದು ಮೈಕೆಳಗೆ ಬರುತ್ತದೆ. ಚಳಿ ಎಂದು ಟೆಂಟಿನ ಜಾಲರಿ ಕಿಟಕಿಗಳನ್ನೆಲ್ಲ ಬಿಗಿದು ಮಲಗಿದವರು ಬೆಳಗಿನ ಜಾವ ಒಳಗೇ ಮಳೆ ಬಂದಂತೆ ಒದ್ದೆಯಾಗಿ ಏಳುತ್ತಾರೆ. ಅದು ಅವರ ಉಸಿರಿನದೇ ತೇವ. ಮೇಲ್ಗಡೆ ಒಂದು ಕಿಂಡಿ ತೆರೆದಿರಲಿ. ಎರಡು ಕಂಬಳಿ ಇದ್ದರೆ ಒಂದನ್ನು ಹೊದೆಯಿರಿ, ಇನ್ನೊಂದನ್ನು ಹಾಸಿಕೊಳ್ಳಿ. ಚಳಿ ಕಚ್ಚುವುದು ಮೇಲಿನಿಂದಲ್ಲ, ನೆಲದಿಂದ.

ಜಗಳವಾಗುವುದು ಟೆಂಟಿನ ವಿಷಯಕ್ಕಲ್ಲ, ದುಡ್ಡಿನ ವಿಷಯಕ್ಕೆ ಮತ್ತು ಪಾತ್ರೆ ತೊಳೆಯುವ ವಿಷಯಕ್ಕೆ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಮಾದರಿಯೊಂದಿದೆ: ಕಾಲೇಜಿನ ಎನ್‌ಎಸ್‌ಎಸ್ ಶಿಬಿರ. 1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಈ ಯೋಜನೆಯ ವಾರದ ಶಿಬಿರಗಳು ಮಂಡ್ಯ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ನಡೆದಿವೆ. ಊರ ಶಾಲೆಯ ಜಗುಲಿಯಲ್ಲಿ ಮಲಗಿ, ಚರಂಡಿ ತೆಗೆದು, ರಾತ್ರಿ ನಾಟಕ ಆಡಿದವರನ್ನು ಕೇಳಿ ನೋಡಿ. ಮೊದಲ ದಿನವೇ ತಂಡ ಮಾಡುತ್ತಿದ್ದರು. ಇವತ್ತು ಅಡುಗೆಗೆ ನಿಂತ ತಂಡ ನಾಳೆ ಪಾತ್ರೆಗೆ, ನಾಳಿದ್ದು ಸ್ವಚ್ಛತೆಗೆ. ಕೆಲಸ ತಪ್ಪಿಸಿಕೊಳ್ಳುವವನ ಹೆಸರು ಕಪ್ಪುಹಲಗೆಯ ಮೇಲೆ ಇರುತ್ತಿತ್ತಾದ್ದರಿಂದ ತಪ್ಪಿಸಿಕೊಳ್ಳುವುದು ಕಷ್ಟವಿತ್ತು. ಆರು ಜನ ಒಂದು ರಾತ್ರಿ ಹೋಗುವಾಗ ಕಪ್ಪುಹಲಗೆ ಬೇಕಿಲ್ಲ, ಆದರೆ ಮಾತು ಮೊದಲೇ ಆಗಿರಬೇಕು. ವಂತಿಗೆ ತಲೆಗಿಷ್ಟು ಎಂದು ಹೊರಡುವ ನಾಲ್ಕು ದಿನ ಮುಂಚೆ ಫೋನ್‌ಪೇಯಲ್ಲಿ ಒಬ್ಬನ ಹತ್ತಿರ ಸೇರಲಿ. ಅವನೇ ಸಾಮಾನು ತರಲಿ, ಅವನೇ ಲೆಕ್ಕ ಬರೆಯಲಿ. 'ಆಮೇಲೆ ಕೊಡ್ತೀನಿ ಬುಡ್ಲಾ' ಎನ್ನುವವನಿಗೆ ಆಮೇಲೆಯೇ ಊಟ. ಗುಂಪಿನಲ್ಲಿ ಒಬ್ಬನಾದರೂ ಕುಡಿಯದವನು, ಗಾಡಿ ಓಡಿಸಬಲ್ಲವನು ಇರಬೇಕು. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಹೋಗಬೇಕಾದರೆ ಅವನೇ ದಿಕ್ಕು.

ಅಡುಗೆಗೆ ಬಂದರೆ, ಮ್ಯಾಗಿ ಕಟ್ಟಿಕೊಂಡು ಮಂಡ್ಯದ ತೋಟಕ್ಕೆ ಹೋಗುವವರ ಬಗ್ಗೆ ನನಗೆ ಮರುಕವಿದೆ. ಮುದ್ದೆ, ನಾಟಿಕೋಳಿ ಸಾರು. ಮಾಂಸ ತಿನ್ನದವರಿಗೆ ಹಿತಕವರೆ ಸಾರು. ಮಸಾಲೆ ಮನೆಯಲ್ಲೇ ರುಬ್ಬಿಸಿ ಡಬ್ಬಿಯಲ್ಲಿ ತರಬೇಕು. ನಾಟಿಕೋಳಿ ಬೇಯಲು ಗಂಟೆಯ ಮೇಲೆ ಬೇಕು ಎಂಬುದನ್ನು ಮರೆತ ಗುಂಪು ರಾತ್ರಿ ಹನ್ನೊಂದಕ್ಕೆ ಬರೀ ಮುದ್ದೆಗೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಐದಕ್ಕೇ ಒಲೆ ಹೊತ್ತಿರಬೇಕು. ಆರು ಜನಕ್ಕೆ ಒಂದೂಕಾಲು ಕೆಜಿ ರಾಗಿ ಹಿಟ್ಟು ಸಾಕು, ಮುದ್ದೆ ತಿರುವಲು ಬರುವವನು ಒಬ್ಬನಿರಲಿ. ಅವನಿಗೆ ಪಾತ್ರೆ ತೊಳೆಯುವುದರಿಂದ ವಿನಾಯಿತಿ ಕೊಟ್ಟರೂ ತಪ್ಪಿಲ್ಲ. ಮೂರು ಕಲ್ಲಿನ ಒಲೆಯನ್ನು ಒಣಗಿದ ಸೋಗೆ, ಹುಲ್ಲಿನ ಮೆದೆ, ಕಬ್ಬಿನ ತರಗಿನಿಂದ ಚೆನ್ನಾಗಿ ದೂರದಲ್ಲಿ ಹೂಡಬೇಕು. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದರೆ ಒಂದು ವರ್ಷದ ಬೆಳೆ ಕಣ್ಣೆದುರೇ ಹೋಗುತ್ತದೆ, ಅದಕ್ಕೆ ಕ್ಷಮೆ ಕೇಳಿ ಮುಗಿಸುವಂತಿಲ್ಲ. ಪಕ್ಕದಲ್ಲಿ ಎರಡು ಬಿಂದಿಗೆ ನೀರು ಇಟ್ಟುಕೊಂಡೇ ಬೆಂಕಿ ಹಚ್ಚಿ. ಮಲಗುವ ಮುಂಚೆ ನೀರು ಸುರಿದು, ಬೂದಿ ಕೆದಕಿ, ಮತ್ತೆ ಸುರಿದು, ಕೈಯಿಟ್ಟು ನೋಡಿ.

ಹತ್ತಿರದಲ್ಲಿ ಆಲೆಮನೆ ನಡೆಯುತ್ತಿದ್ದರೆ ಅದೃಷ್ಟ. ಕಬ್ಬು ಅರೆಯುವ ಹೊತ್ತಿಗೆ ಹೋಗಿ ನಿಂತರೆ ಒಂದು ಲೋಟ ಕಬ್ಬಿನ ಹಾಲು ಕೊಡದೆ ಕಳಿಸುವವರು ನಮ್ಮ ಸೀಮೆಯಲ್ಲಿ ಕಡಿಮೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯಲು ಶುರುವಾದಾಗ ಮೊದಲು ಕೊಳೆ ನೊರೆಯಾಗಿ ಮೇಲೇಳುತ್ತದೆ, ಅದನ್ನು ಜಾಲರಿಯಿಂದ ತೆಗೆದು ಎಸೆಯುತ್ತಾರೆ. ಗಂಟೆಗಟ್ಟಲೆ ಕುದ್ದು ಬಣ್ಣ ತಿರುಗಿ, ಗುಳ್ಳೆಗಳು ಸಣ್ಣದರಿಂದ ದಪ್ಪಕ್ಕೆ ಹೋಗುತ್ತವೆ. ಆಗ ಒಲೆ ಮುಂದಿನ ಅನುಭವಿ ಒಂದು ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಉಂಡೆ ಕಟ್ಟಿತು ಅಂದರೆ ಅಷ್ಟೂ ಜನ ಒಟ್ಟಿಗೆ ಏಳುತ್ತಾರೆ, ಕೊಪ್ಪರಿಗೆ ಇಳಿಯುತ್ತದೆ, ಪಾಕ ಅಚ್ಚಿಗೆ ಹೋಗುತ್ತದೆ. ಆ ಒಂದೆರಡು ನಿಮಿಷ ಅಡ್ಡ ನಿಲ್ಲಬೇಡಿ, ಸೆಲ್ಫಿಯಂತೂ ಬೇಡವೇ ಬೇಡ. ಕುದಿವ ಪಾಕ ಮೈಗೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಆಮೇಲೆ ಎಲೆಯ ಮೇಲೆ ಕೊಡುವ ಬಿಸಿ ಬೆಲ್ಲವನ್ನು ತೆಂಗಿನಕಾಯಿ ಚೂರಿನ ಜೊತೆ ತಿನ್ನಿ. ಯಾವ ರೆಸಾರ್ಟಿನ ಬಾರ್ಬೆಕ್ಯೂ ಇದರ ಮುಂದೆ ನಿಲ್ಲುವುದಿಲ್ಲ.

ಹೆಣ್ಣುಮಕ್ಕಳ ಗುಂಪಾದರೆ ಎರಡು ಪ್ರಶ್ನೆ ಮೊದಲೇ ಬಗೆಹರಿಯಬೇಕು, ಮನೆಯವರ ಒಪ್ಪಿಗೆ ಮತ್ತು ಶೌಚಾಲಯ. ಮೊದಲನೆಯದಕ್ಕೆ ಗುಂಪಿನಲ್ಲಿ ಒಬ್ಬಳ ಸ್ವಂತ ತೋಟ, ಅಲ್ಲೇ ಮನೆ, ಮನೆಯಲ್ಲೊಬ್ಬರು ಅಜ್ಜಿ ಇದ್ದರೆ ಅರ್ಧ ಜಿಲ್ಲೆಯ ತಾಯಂದಿರು ಒಪ್ಪುತ್ತಾರೆ. ಎರಡನೆಯದರಲ್ಲಿ ರಾಜಿ ಬೇಡ. ಶೌಚಾಲಯವಿರುವ ಮನೆಗೆ ಹತ್ತಿರವಾಗಿಯೇ ಟೆಂಟು ಹಾಕಿ. ಗಂಡಸರು ಬಯಲು ಇದೆಯಲ್ಲ ಎಂದುಕೊಳ್ಳುವುದೂ ಅಷ್ಟೇ ತಪ್ಪು. ಬೇರೆ ದಾರಿಯೇ ಇಲ್ಲದ ಕಡೆ ಬಾವಿ, ಕಾಲುವೆ, ಕೆರೆಯಿಂದ ಇನ್ನೂರು ಅಡಿಯಾದರೂ ದೂರ ಹೋಗಿ, ಗೇಣುದ್ದ ಗುಂಡಿ ತೆಗೆದು ಮಣ್ಣು ಮುಚ್ಚಬೇಕು. ಕುಡಿಯುವ ನೀರಿಗೆ 20 ಲೀಟರಿನ ಒಂದು ಕ್ಯಾನು, ಅಡುಗೆಗೆ ಇನ್ನೊಂದು, ಆರು ಜನರ ಒಂದು ರಾತ್ರಿಗೆ ಸಾಕು.

ತೋಟ ಎಂದರೆ ಅಪಾಯವೇ ಇಲ್ಲ ಎಂದಲ್ಲ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದು, ಮುತ್ತತ್ತಿ ಕಡೆಯ ಕಾಡಿನಿಂದ ಆನೆಗಳು ಮಳವಳ್ಳಿ, ಮದ್ದೂರು ತಾಲ್ಲೂಕುಗಳ ಬೆಳೆಗೆ ಇಳಿಯುವುದು ನಮಗೆ ವರ್ಷವರ್ಷದ ಸುದ್ದಿ. ಆ ವಾರ ಸುತ್ತಮುತ್ತ ಆನೆ ಬಂದಿದೆ, ಚಿರತೆಗೆ ಬೋನಿಟ್ಟಿದ್ದಾರೆ ಎಂದು ಕೇಳಿಬಂದರೆ ಚರ್ಚೆ ಮಾಡದೆ ಮುಂದಕ್ಕೆ ಹಾಕಿ. ಕೋಳಿ ಮೂಳೆ ಅಲ್ಲಲ್ಲೇ ಎಸೆದರೆ ಮೊದಲು ಬೀದಿನಾಯಿಗಳು ಬರುತ್ತವೆ, ನಾಯಿಗಳ ಹಿಂದೆ ಚಿರತೆ. ಸಾಕುನಾಯಿಯನ್ನು ಕಾವಲಿಗೆ ಅಂತ ಕಟ್ಟಿಹಾಕುವುದೂ ಚಿರತೆಗೆ ಬುತ್ತಿ ಕಟ್ಟಿಟ್ಟ ಹಾಗೆ. ಕಾಳಿಯ ಕಾಲ ಮುಗಿದಿದೆ.

ಹಾವಿನ ವಿಷಯದಲ್ಲಿ ನೆನಪಿಡಬೇಕಾದ್ದು ಕಡಿಮೆ, ಆದರೆ ಆ ಕಡಿಮೆಯನ್ನೇ ನಮ್ಮವರು ಮರೆಯುತ್ತಾರೆ. ಗದ್ದೆ ಬಯಲಿನ ಕೊಳಕುಮಂಡಲ ಓಡಿಹೋಗುವ ಹಾವಲ್ಲ, ಬುಸುಗುಟ್ಟುತ್ತಾ ಅಲ್ಲೇ ಸುತ್ತಿ ಕೂರುತ್ತದೆ, ತುಳಿದರೆ ಕಚ್ಚುತ್ತದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ಟೆಂಟಿನ ಜಿಪ್ಪು ಸದಾ ಹಾಕಿರಬೇಕು, ಬೂಟು ಒಳಗಿರಬೇಕು, ಕತ್ತಲಲ್ಲಿ ಹೆಜ್ಜೆ ಇಡುವ ಮೊದಲು ಟಾರ್ಚು ಬೀಳಬೇಕು. ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಲ್ಲಿ ಕೊಯ್ಯುವುದು, ಬಾಯಲ್ಲಿ ಹೀರುವುದು, ನಾಟಿ ಮದ್ದಿಗೆ ಓಡುವುದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದಂತೆ ಇಟ್ಟು ಪ್ರತಿವಿಷ ಇರುವ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಆಸ್ಪತ್ರೆ ಯಾವುದು, ದಾರಿ ಎಷ್ಟು ಹೊತ್ತಿನದು ಎಂಬುದನ್ನು ಹೊರಡುವ ಮೊದಲೇ ತಿಳಿದಿರಬೇಕು.

ಬ್ಲೂಟೂತ್ ಸ್ಪೀಕರ್ ತರುವ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬನಿದ್ದಾನೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಕ್ಕದ ಮನೆಯವರು ಬೆಳಗಿನ ಜಾವ ಹಾಲು ಕರೆಯಲು ಏಳಬೇಕು. ಮುಂದಿನ ಸಲ ಆ ತೋಟಕ್ಕೆ ನಿಮ್ಮನ್ನು ಬಿಡಬೇಕೋ ಬೇಡವೋ ಎಂದು ತೀರ್ಮಾನವಾಗುವುದು ಅವರ ಜಗುಲಿಯಲ್ಲಿ.

ಹೀಗೆ ಒಂದೆರಡು ಸಲ ತೋಟದಲ್ಲಿ ಕಳೆದ ಗುಂಪಿಗೆ ತನ್ನೊಳಗೆ ಯಾರು ಚಳಿಗೆ ಗೊಣಗುತ್ತಾರೆ, ಯಾರು ಕೇಳದೆಯೇ ನೀರು ತಂದಿಡುತ್ತಾರೆ ಎಂಬುದು ಗೊತ್ತಾಗಿರುತ್ತದೆ. ಆಗ ಕಾವೇರಿ ದಂಡೆಗೆ ಹೋಗಿ, ಆದರೆ ಸರಿಯಾದ ಬಾಗಿಲಿನಿಂದ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ, 1980ರಲ್ಲಿ ಕಬಿನಿಯಲ್ಲಿ ಶುರುವಾದದ್ದು, ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಹೊಳೆಗೆ ಹತ್ತಿರವೇ ಬಿಡಾರಗಳನ್ನು ಮಾಡಿದೆ. ದುಬಾರಿ ಅನ್ನಿಸಬಹುದು, ಆದರೆ ಕಾಡಿನೊಳಗೆ ಕಾನೂನುಬದ್ಧವಾಗಿ ರಾತ್ರಿ ಕಳೆಯುವ ದಾರಿ ಅದು. ಒಂದು ಕಾಲದಲ್ಲಿ ಇವು ಮಹಶೀರ್ ಮೀನಿಗೆ ಗಾಳ ಹಾಕುವವರ ಲೋಕವಾಗಿದ್ದವು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿ ಹೊಳೆಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ 54 ಕೆಜಿ ತೂಗಿತ್ತು. ಈಗ ಅಲ್ಲಿ ಗಾಳ ನಿಂತಿದೆ. ಬೆನ್ನುಬ್ಬಿನ ಆ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ಹರಿಗೋಲಿನಲ್ಲಿ ಹೋಗಿ, ಲೈಫ್ ಜಾಕೆಟ್ ಹಾಕಿಕೊಂಡೇ ಹೋಗಿ, ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆಯನ್ನು ದೂರದಿಂದ ನೋಡಿ. ಮೊಸಳೆ ನೋಡಿದ ಮೇಲೆ ಈಜುವ ಆಸೆ ತಾನಾಗಿಯೇ ಇಳಿಯುತ್ತದೆ. ಬೆಟ್ಟ ಹತ್ತುವ ಮನಸ್ಸಿದ್ದವರು ಅರಣ್ಯ ಇಲಾಖೆ 2024ರಲ್ಲಿ ತೆರೆದ 'ಅರಣ್ಯ ವಿಹಾರ' ಜಾಲತಾಣದಲ್ಲಿ ಚಾರಣಕ್ಕೆ ಮೊದಲೇ ಟಿಕೆಟ್ ಮಾಡಿಸಿಕೊಳ್ಳಬೇಕು. ಖಾಸಗಿ ಕ್ಯಾಂಪಿಗೆ ಹೋಗುವುದಾದರೆ ಮುಂಗಡ ಕಳಿಸುವ ಮೊದಲು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ ಕೇಳಿ. ತಡವರಿಸಿದರೆ ಅಲ್ಲಿಗೇ ಬಿಡಿ.

ಹೊರಡುವ ಬೆಳಿಗ್ಗೆ ಎರಡು ಕೆಲಸ ಮರೆಯಬೇಡಿ. ಕೆಆರ್‌ಎಸ್ ಮತ್ತು ಕಬಿನಿಯ ಹೊರಹರಿವು ನೋಡಿ, ಏರುತ್ತಿದ್ದರೆ ಹೊಳೆಯ ಕಡೆ ತಿರುಗಲೇಬೇಡಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ, ಜೊತೆಯಲ್ಲಿ ಯಾರಿದ್ದಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿ ಕೊಡಿ. ತುರ್ತಿಗೆ 112, ಕಾಡುಪ್ರಾಣಿ ಕಂಡರೆ ಅರಣ್ಯ ಇಲಾಖೆಯ 1926. ಇವೆರಡು ನಂಬರು ಗುಂಪಿನ ಎಲ್ಲರ ಫೋನಿನಲ್ಲೂ ಇರಲಿ.